ಉಪಗ್ರಹದ ಸರದಿ: ಆಕಾಶದ ಕ್ಯಾಮೆರಾಗೆ ನೀರಗಂಟಿ ಯಾರು?

ನಮ್ಮ ಇತಿಹಾಸ ಪಾಡ್‌ಕಾಸ್ಟ್‌ನ ಹೊಸ ಸಂಚಿಕೆ ಬಂದಿದೆ. ಕೇಳೋಕೆ ಪುರುಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನೋರಿಗೆ ಇದು ಅದರ ಬರಹ ರೂಪ.

ಮೊದಲಿಗೆ ಒಂದು ಸಣ್ಣ ಕೆಲಸ ಮಾಡಿ. ಫೋನಲ್ಲಿ ಮ್ಯಾಪ್ ತೆರೆದು, ಸ್ಯಾಟಲೈಟ್ ನೋಟಕ್ಕೆ ಹಾಕಿ, ನಿಮ್ಮೂರಿನ ಕೆರೆ ಹುಡುಕಿ. ಸಿಕ್ತಾ? ಈಗ ನನ್ನ ಪ್ರಶ್ನೆ. ಉಪಗ್ರಹಕ್ಕೆ "ಇವತ್ತು ಈ ಜಾಗದ ಚಿತ್ರ ತೆಗಿ" ಅಂತ ಹೇಳೋರು ಯಾರು?

ಉಪಗ್ರಹ ಅಂದ್ರೆ ಆಕಾಶಕ್ಕೆ ಮೊಳೆ ಹೊಡೆದು ತೂಗುಹಾಕಿದ ಸಿಸಿಟಿವಿ, ಹಗಲೂ ರಾತ್ರಿ ಎಲ್ಲವನ್ನೂ ನೋಡ್ತಾ ಇರುತ್ತೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಭೂಮಿಯ ಚಿತ್ರ ತೆಗೆಯೋ ಉಪಗ್ರಹಕ್ಕೆ ಕೆಳಗಿನಿಂದ ಒಂದು ಕೆಲಸದ ಪಟ್ಟಿ ಹೋಗುತ್ತೆ. ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸೆಕೆಂಡಿಗೆ ಕ್ಯಾಮೆರಾ ಆನ್ ಮಾಡು, ಇಷ್ಟು ಹೊತ್ತಿಗೆ ಆಫ್ ಮಾಡು. ಆ ಪಟ್ಟಿಯಲ್ಲಿ ನಿಮ್ಮೂರಿದ್ದರೆ ಚಿತ್ರ ಉಂಟು, ಇಲ್ಲದಿದ್ದರೆ ಉಪಗ್ರಹ ನಿಮ್ಮ ತಲೆ ಮೇಲೇ ಹಾದುಹೋದರೂ ಕಣ್ಣು ಮುಚ್ಚಿಕೊಂಡೇ ಹೋಗುತ್ತೆ.

ಇವತ್ತು ನಾನು ಹೇಳಹೊರಟಿರೋದು ಆ ಪಟ್ಟಿಯ ಇತಿಹಾಸ. ಕ್ಯಾಮೆರಾಗಳ ಇತಿಹಾಸ ಎಲ್ಲರೂ ಹೇಳ್ತಾರೆ, ಪಟ್ಟಿ ಬರೆದವರ ಕಥೆ ಅಷ್ಟಾಗಿ ಯಾರೂ ಹೇಳಲ್ಲ.

ಒಂದು ಕಣ್ಣು, ನೂರು ಕೋರಿಕೆ

ಹಳೇ ಮೈಸೂರು ಕಡೆ ಕೆರೆ ಇರೋ ಊರುಗಳಲ್ಲಿ ನೀರಗಂಟಿ ಅಂತ ಒಬ್ಬರು ಇರ್ತಿದ್ರು. ನಿಮ್ಮ ಅಜ್ಜ ಅಜ್ಜಿಯನ್ನ ಕೇಳಿ, ಗೊತ್ತಿರುತ್ತೆ. ತೂಬು ಎತ್ತೋದು, ಇಳಿಸೋದು, ಯಾವ ಗದ್ದೆಗೆ ಯಾವಾಗ ನೀರು ಅಂತ ಸರದಿ ನೋಡಿಕೊಳ್ಳೋದು ಅವರ ಕೆಲಸ. ಕೆರೆ ಕೋಡಿ ಬಿದ್ದ ವರ್ಷ ಅವರನ್ನ ಯಾರೂ ಕೇಳಲ್ಲ. ನೀರು ತಳ ಹಿಡಿದ ವರ್ಷ ಇಡೀ ಊರಿನ ಕಣ್ಣು ಅವರ ಮೇಲೆ. ಯಾಕಂದ್ರೆ ಕಮ್ಮಿ ಇರೋ ವಸ್ತುವನ್ನ ಹಂಚೋರಿಗೇ ನಿಜವಾದ ಅಧಿಕಾರ.

ಉಪಗ್ರಹದ ಹೊತ್ತು ಕೂಡ ಹಾಗೇ, ಯಾವಾಗಲೂ ಕಮ್ಮಿ. ಲೆಕ್ಕ ನೋಡಿ. ಲ್ಯಾಂಡ್‌ಸ್ಯಾಟ್ ಥರದ ಉಪಗ್ರಹ ಸುಮಾರು 705 ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡ್ತಿರುತ್ತೆ. ಭೂಮಿಗೆ ಒಂದು ಸುತ್ತು ಹಾಕೋಕೆ 99 ನಿಮಿಷ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹೊತ್ತು ಕೆಳಗೆ ರಾತ್ರಿ. ಹಗಲಿರೋ ಭಾಗದಲ್ಲೂ ಹೆಚ್ಚಿನದು ಸಮುದ್ರ. ಉಳಿದ ನೆಲದ ಮೇಲೆ ಮೋಡ. ತೆಗೆದ ಚಿತ್ರ ಇಟ್ಟುಕೊಳ್ಳೋಕೆ ಮೆಮೊರಿ ಬೇಕು, ನಿಮ್ಮ ಫೋನಿನ ಸ್ಟೋರೇಜ್ ಫುಲ್ ಅನ್ನೋ ಸಮಸ್ಯೆ ಅದಕ್ಕೂ ಇದೆ. ಕೆಳಗೆ ಕಳಿಸೋಕೆ ಗ್ರೌಂಡ್ ಸ್ಟೇಷನ್ ಕಣ್ಣಿಗೆ ಬೀಳಬೇಕು. ಒಂದು ಸ್ಟೇಷನ್ ಮೇಲೆ ಹಾದುಹೋಗುವಾಗ ಸಿಗೋದು ಹತ್ತು ನಿಮಿಷದ ಆಸುಪಾಸು. ಕ್ಯಾಮೆರಾ ಪಕ್ಕಕ್ಕೆ ತಿರುಗಿಸೋ ಉಪಗ್ರಹವಾದರೆ, ಎಡಕ್ಕೆ ತಿರುಗಿದಾಗ ಬಲಕ್ಕಿರೋದು ತಪ್ಪಿಹೋಗುತ್ತೆ.

ಅಂದ್ರೆ ಒಬ್ಬರಿಗೆ ಹೌದು ಅಂದ್ರೆ ಇನ್ನೊಬ್ಬರಿಗೆ ಇಲ್ಲ ಅಂದ ಹಾಗೇ. ಈ ಹೌದು–ಇಲ್ಲಗಳನ್ನ ಯಾರು ಹೇಳ್ತಿದ್ರು?

ಫಿಲ್ಮ್ ಡಬ್ಬಿಯ ಕಾಲ

ಕಥೆ ಶುರುವಾಗೋದು ಗೂಢಚಾರಿಕೆಯಿಂದ. 1960ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಕೊರೋನಾ ಅನ್ನೋ ಗುಪ್ತ ಯೋಜನೆಗೆ ಮೊದಲ ಸಲ ಚಿತ್ರ ಸಿಕ್ಕಿತು. ಹೆಸರು ಕೇಳಿ ಬೆಚ್ಚಬೇಡಿ, ಆ ವೈರಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಆಗ ಡಿಜಿಟಲ್ ಕ್ಯಾಮೆರಾ ಎಲ್ಲಿಂದ ಬರಬೇಕು? ಉಪಗ್ರಹದೊಳಗೆ ನಿಜವಾದ ಫಿಲ್ಮ್ ರೋಲ್ ಇರ್ತಿತ್ತು. ರೋಲ್ ಮುಗಿದ ಮೇಲೆ ಅದನ್ನ ಒಂದು ಡಬ್ಬಿಯಲ್ಲಿ ಹಾಕಿ ಭೂಮಿ ಕಡೆ ಬೀಳಿಸೋರು. ಡಬ್ಬಿ ಪ್ಯಾರಾಚೂಟ್ ಬಿಚ್ಚಿಕೊಂಡು ಪೆಸಿಫಿಕ್ ಸಾಗರದ ಮೇಲೆ ಇಳಿಯುವಾಗ, ವಿಮಾನದ ಹಿಂದೆ ಕೊಕ್ಕೆ ಕಟ್ಟಿಕೊಂಡು ಹೋಗಿ ಗಾಳಿಯಲ್ಲೇ ಹಿಡಿಯೋರು. ಸಿನಿಮಾ ಅಲ್ಲ, ನಿಜ.

ಫಿಲ್ಮ್ ಎಣಿಸಿದಷ್ಟೇ ಇತ್ತು. ಹಾಗಾಗಿ ಎಲ್ಲಿ ತೆಗೀಬೇಕು ಅನ್ನೋದಕ್ಕೆ 1960ರಲ್ಲೇ ಒಂದು ಸಮಿತಿ ಮಾಡಿದ್ರು. ಸೇನೆಯ ಬೇರೆ ಬೇರೆ ವಿಭಾಗದವರು, ಗುಪ್ತಚರ ಸಂಸ್ಥೆಯವರು ಮೇಜಿನ ಸುತ್ತ ಕೂತು ತಮತಮಗೆ ಬೇಕಾದ ಜಾಗ ಮುಂದಿಡೋರು: ಕ್ಷಿಪಣಿ ನೆಲೆ, ವಿಮಾನ ನಿಲ್ದಾಣ, ಬಂದರು. ಚರ್ಚೆಯಾಗಿ ಪಟ್ಟಿ ತಯಾರಾಗೋದು. ಇದೇ ಮೊದಲ ನೀರಗಂಟಿ. ಕೋಣೆಯ ಬಾಗಿಲು ಮುಚ್ಚಿತ್ತು, ಒಳಗೆ ಕೂತವರಿಗೆ ಮಾತ್ರ ಕೇಳೋ ಹಕ್ಕು.

ಎಷ್ಟೇ ಚರ್ಚೆ ಮಾಡಿದ್ರೂ ಒಬ್ಬ ಶತ್ರು ಮಾತ್ರ ಅವರ ಮಾತು ಕೇಳಲಿಲ್ಲ. ಮೋಡ. ಆರಂಭದಲ್ಲಿ ಅಮೂಲ್ಯ ಫಿಲ್ಮಿನ ದೊಡ್ಡ ಪಾಲು ಬರೀ ಮೋಡದ ಫೋಟೋ ಆಗಿ ಬರ್ತಿತ್ತು. ಅದಕ್ಕೆ ಅವರು ಏನ್ ಮಾಡಿದ್ರು ಗೊತ್ತಾ? ಇವತ್ತು ಎಲ್ಲಿ ಆಕಾಶ ತಿಳಿಯಾಗಿದೆ ಅಂತ ನೋಡಿ ಹೇಳೋಕೆ ಬೇರೆ ಹವಾಮಾನ ಉಪಗ್ರಹಗಳನ್ನೇ ಹಾರಿಸಿದ್ರು. 1962ರಲ್ಲಿ ಶುರುವಾದ ಆ ಸರಣಿಯೇ ಮುಂದೆ ಅಮೆರಿಕ ಸೇನೆಯ ದೊಡ್ಡ ಹವಾಮಾನ ಉಪಗ್ರಹ ವ್ಯವಸ್ಥೆ ಆಯ್ತು. ಒಂದು ಉಪಗ್ರಹ ನೋಡಿ, ಇನ್ನೊಂದು ಉಪಗ್ರಹಕ್ಕೆ ಎಲ್ಲಿ ನೋಡಬೇಕು ಅಂತ ಹೇಳೋದು. ಈ ಯೋಚನೆ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

1995ರಲ್ಲಿ ಕೊರೋನಾ ಮತ್ತು ಅದರ ಜೊತೆಯ ಯೋಜನೆಗಳ ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನ ಗುಪ್ತ ಪಟ್ಟಿಯಿಂದ ತೆಗೆದು ಜನರಿಗೆ ಬಿಟ್ಟರು. ಇರಾಕ್, ಸಿರಿಯಾ ಕಡೆ ಕೆಲಸ ಮಾಡೋ ಪುರಾತತ್ವಜ್ಞರಿಗೆ ಇವು ನಿಧಿ ಸಿಕ್ಕ ಹಾಗಾಯ್ತು. ಆಮೇಲಿನ ಅಣೆಕಟ್ಟು, ನೀರಾವರಿ, ಊರ ಬೆಳವಣಿಗೆಯಲ್ಲಿ ಅಳಿಸಿಹೋದ ಸಾವಿರಾರು ವರ್ಷ ಹಳೆಯ ದಿಬ್ಬ, ಕಾಲುವೆ, ಕಾಲುದಾರಿಗಳು ಆ ಕಪ್ಪುಬಿಳುಪು ಫೋಟೋಗಳಲ್ಲಿ ಇನ್ನೂ ಇದ್ದವು. ಕ್ಷಿಪಣಿ ಹುಡುಕೋಕೆ ಬರೆದ ಪಟ್ಟಿ ಇತಿಹಾಸವನ್ನ ಉಳಿಸಿತ್ತು. ಪಟ್ಟಿಯಲ್ಲಿ ಇಲ್ಲದ ಜಾಗಗಳಿಗೆ ಆ ಅದೃಷ್ಟ ಇರಲಿಲ್ಲ.

ದುಡ್ಡು ಕೊಟ್ಟವರಿಗೆ ಚಿತ್ರ

1972ರ ಜುಲೈ 23ಕ್ಕೆ ಮೊದಲ ಲ್ಯಾಂಡ್‌ಸ್ಯಾಟ್ ಹಾರಿತು. ಸೇನೆಗಲ್ಲ, ಬೆಳೆ, ಕಾಡು, ನೀರು ನೋಡೋಕೆ. ಪ್ರತಿ 18 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರ್ತಿತ್ತು. ಎಲ್ಲ ಕಡೆ ತೆಗೀತಾ ಹೋಗಬಹುದಿತ್ತಲ್ಲ ಅಂತೀರಾ? ಗ್ರೌಂಡ್ ಸ್ಟೇಷನ್ ಇಲ್ಲದ ದೇಶಗಳ ಚಿತ್ರ ಇಟ್ಟುಕೊಳ್ಳೋಕೆ ಇದ್ದದ್ದು ಟೇಪ್ ರೆಕಾರ್ಡರ್. ಅದರಲ್ಲಿ ಹಿಡಿಸೋದು ಅರ್ಧ ಗಂಟೆಯಷ್ಟು ಮಾತ್ರ, ಜೊತೆಗೆ ಅವು ಕೈಕೊಡೋದು ಮಾಮೂಲಾಗಿತ್ತು. ಹಾಗಾಗಿ ಸ್ವಂತ ಸ್ಟೇಷನ್ ಇದ್ದ ದೇಶಕ್ಕೆ ಚಿತ್ರ ಸರಾಗ. ಕೆನಡಾ ಮೊದಲು ಕಟ್ಟಿತು, ಆಮೇಲೆ ಬ್ರೆಜಿಲ್. ನಮ್ಮ ಹೈದರಾಬಾದ್ ಹತ್ತಿರದ ಶಾದ್‌ನಗರದಲ್ಲಿ 1979ರಿಂದ ಲ್ಯಾಂಡ್‌ಸ್ಯಾಟ್ ಸಿಗ್ನಲ್ ಇಳಿಯೋಕೆ ಶುರುವಾಯ್ತು. ಆಂಟೆನಾ ಇದ್ದವರು ಕಂಡರು, ಇಲ್ಲದವರು ಕಾಣಲಿಲ್ಲ.

1984ರಲ್ಲಿ ಅಮೆರಿಕ ಸರ್ಕಾರ ಒಂದು ಕಾನೂನು ಮಾಡಿ ಲ್ಯಾಂಡ್‌ಸ್ಯಾಟ್ ಚಿತ್ರಗಳ ವ್ಯಾಪಾರವನ್ನ ಖಾಸಗಿಯವರಿಗೆ ಕೊಡೋ ದಾರಿ ತೆರೆಯಿತು. ಇಯೋಸ್ಯಾಟ್ ಅನ್ನೋ ಕಂಪನಿ ವಹಿಸಿಕೊಂಡಿತು. ಒಂದು ಚಿತ್ರದ ಬೆಲೆ 4,400 ಡಾಲರ್‌ವರೆಗೂ ಏರಿತು. ವಿಶ್ವವಿದ್ಯಾಲಯಗಳು ಕೈಚೆಲ್ಲಿದವು. ಬೆಲೆಗಿಂತ ದೊಡ್ಡ ಪೆಟ್ಟು ಬೇರೆ ಇತ್ತು. ವ್ಯಾಪಾರ ಅಂದ ಮೇಲೆ, ಕೊಳ್ಳೋರು ಇರೋ ಕಡೆ ಮಾತ್ರ ಕ್ಯಾಮೆರಾ ಆನ್ ಮಾಡೋದು ಲಾಭ. ಕೇಳೋರಿಲ್ಲದ ಜಾಗಕ್ಕೆ ಯಾಕೆ ಖರ್ಚು? ಹೀಗಾಗಿ ಲೋಕದ ಎಷ್ಟೋ ಕಡೆ ಆ ವರ್ಷಗಳ ಚಿತ್ರಗಳು ಅಲ್ಲೊಂದು ಇಲ್ಲೊಂದು.

ಈ ಸಂಚಿಕೆಗೆ ಓದುವಾಗ ನನ್ನನ್ನ ಹಿಡಿದು ನಿಲ್ಲಿಸಿದ್ದು ಇದೇ ವಿಷಯ. ಇವತ್ತು ನೀವು ಕೋಟ್ಯಧಿಪತಿ ಆಗಿರಬಹುದು. ಆದರೆ 1987ರಲ್ಲಿ ತೆಗೆಯದೇ ಬಿಟ್ಟ ಚಿತ್ರವನ್ನ ಈಗ ತೆಗೆಸೋಕೆ ಆಗಲ್ಲ. ಒಂದು ಕೆರೆ ಆಗ ಎಷ್ಟು ಅಗಲ ಇತ್ತು, ಒಂದು ಕಾಡು ಎಲ್ಲಿಯವರೆಗೆ ಇತ್ತು ಅನ್ನೋ ವಾದ ಬಂದಾಗ, ಚಿತ್ರ ಇದ್ದ ಊರಿಗೆ ಸಾಕ್ಷಿ ಇದೆ, ಇಲ್ಲದ ಊರಿಗೆ ಬರೀ ನೆನಪು.

ಇದೇ ಹೊತ್ತಲ್ಲಿ ಫ್ರಾನ್ಸ್ ಇನ್ನೊಂದು ದಾರಿ ತೋರಿಸಿತು. 1986ರ ಫೆಬ್ರವರಿಯಲ್ಲಿ ಹಾರಿದ ಸ್ಪಾಟ್-1 ಉಪಗ್ರಹದಲ್ಲಿ ತಿರುಗೋ ಕನ್ನಡಿ ಇತ್ತು. ಎರಡೂ ಪಕ್ಕಕ್ಕೆ 27 ಡಿಗ್ರಿವರೆಗೆ ಓರೆಯಾಗಿ ನೋಡಬಹುದಿತ್ತು. ಅಂದ್ರೆ ನೇರ ನೆತ್ತಿ ಮೇಲೆ ಬರೋವರೆಗೆ ಕಾಯಬೇಕಿಲ್ಲ. ಗ್ರಾಹಕ ದುಡ್ಡು ಕೊಟ್ಟು, ಇಂಥ ಜಾಗ, ಇಂಥ ದಿನಗಳ ನಡುವೆ ಅಂತ ಕೋರಿಕೆ ಸಲ್ಲಿಸಬಹುದು. ಇದಕ್ಕೆ ಅವರು ಇಟ್ಟ ಹೆಸರು ಪ್ರೋಗ್ರಾಮಿಂಗ್. ಮೂರು ತಿಂಗಳೂ ಆಗಿರಲಿಲ್ಲ, ಏಪ್ರಿಲ್ 26ಕ್ಕೆ ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಸೋವಿಯತ್ ಸರ್ಕಾರ ಬಾಯಿ ಬಿಗಿ ಹಿಡಿದಿತ್ತು. ಏಪ್ರಿಲ್ 29ಕ್ಕೆ ಲ್ಯಾಂಡ್‌ಸ್ಯಾಟ್-5, ಮೇ 1ಕ್ಕೆ ಸ್ಪಾಟ್-1 ಆ ಜಾಗದ ಚಿತ್ರ ತೆಗೆದವು. ಒಂದು ಸರ್ಕಾರ ಮುಚ್ಚಿಡಲು ನೋಡಿದ ದುರಂತದ ಜಾಗವನ್ನ ಸಾಮಾನ್ಯ ಜನ ಟಿವಿಯಲ್ಲಿ ಉಪಗ್ರಹದ ಕಣ್ಣಿಂದ ನೋಡಿದ್ದು ಆಗ. ಮುಚ್ಚಿದ ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು, ದುಡ್ಡಿದ್ದವರಿಗೆ.

ಸರದಿಯ ನಿಯಮ ಬರೆದಾಗ

1992ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿ ಲ್ಯಾಂಡ್‌ಸ್ಯಾಟ್ ಅನ್ನು ಮತ್ತೆ ಸರ್ಕಾರದ ಕೈಗೆ ತಂದಿತು. 1999ರ ಏಪ್ರಿಲ್ 15ಕ್ಕೆ ಲ್ಯಾಂಡ್‌ಸ್ಯಾಟ್-7 ಹಾರಿತು. ಈ ಸಲ ವಿಜ್ಞಾನಿಗಳು ಹಟ ಹಿಡಿದರು: ಇಡೀ ಭೂಮಿಯ ನೆಲದ ದಾಖಲೆ, ಋತು ಋತುವಿಗೂ ಬೇಕು. ಆದರೆ ದಿನಕ್ಕೆ ಸಂಗ್ರಹಿಸೋಕೆ ಆಗೋದು 250 ಚಿತ್ರ. ಕೋರಿಕೆ ನೋಡಿ ಕೈಯಲ್ಲಿ ಆರಿಸುತ್ತಾ ಕೂತರೆ ಮುಗಿಯಲ್ಲ. ಹಾಗಾಗಿ ಅವರು ದೀರ್ಘಾವಧಿ ಚಿತ್ರಗ್ರಹಣ ಯೋಜನೆ ಅಂತ ನಿಯಮಗಳ ಒಂದು ಕಟ್ಟು ಬರೆದು ಕಂಪ್ಯೂಟರಿಗೆ ಕೊಟ್ಟರು. ಯಾರೂ ಕೇಳದಿದ್ದರೂ ಪ್ರತಿ ಜಾಗಕ್ಕೂ ಸರದಿ ಬರಬೇಕು ಅನ್ನೋದು ಅದರ ಮೂಲ.

ಈ ನಿಯಮಗಳು ಎಷ್ಟು ಚಂದ ನೋಡಿ. ಆ ಜಾಗದಲ್ಲಿ ಹಸಿರು ವರ್ಷದ ಯಾವ ತಿಂಗಳು ಬದಲಾಗುತ್ತೆ? ಆಗ ಹೆಚ್ಚು ಚಿತ್ರ ತೆಗಿ. ಮರುಭೂಮಿ ಥರ ಬದಲಾಗದ ಕಡೆ ಕಮ್ಮಿ ಸಾಕು. ಸೂರ್ಯ ತೀರಾ ಕೆಳಗಿದ್ದಾನಾ? ಬಿಡು. ಕಳೆದ ಸಲ ಮೋಡದಿಂದ ಚಿತ್ರ ಕೆಟ್ಟಿತ್ತಾ? ಈ ಸಲ ಆ ಜಾಗಕ್ಕೆ ಮೊದಲ ಆದ್ಯತೆ. ಮೋಡದ ನಿಯಮ ಇನ್ನೂ ಜಾಣ. ಇವತ್ತಿನ ಮುನ್ಸೂಚನೆ ಮಾತ್ರ ನೋಡಿದ್ರೆ ನಮ್ಮ ಆಗುಂಬೆ ಥರದ ಜಾಗಕ್ಕೆ ಮಳೆಗಾಲ ಪೂರ್ತಿ ಸರದಿಯೇ ಬರಲ್ಲ. ಅದಕ್ಕೆ ಕಂಪ್ಯೂಟರ್ ಇವತ್ತಿನ ಮೋಡವನ್ನ ಆ ಜಾಗದ ಮಾಮೂಲಿ ಮೋಡದ ಜೊತೆ ಹೋಲಿಸುತ್ತೆ. ಮಾಮೂಲಿಗಿಂತ ಕಮ್ಮಿ ಇದೆಯಾ? ಹಾಗಾದ್ರೆ ಇದೇ ಒಳ್ಳೇ ಅವಕಾಶ, ತೆಗಿ. ಕೊನೆ ಗದ್ದೆಗೂ ನೀರು ಮುಟ್ಟಬೇಕು ಅನ್ನೋ ನೀರಗಂಟಿ ಹೀಗೇ ಯೋಚನೆ ಮಾಡೋದು.

2008ರ ಕೊನೆಯ ಹೊತ್ತಿಗೆ ಲ್ಯಾಂಡ್‌ಸ್ಯಾಟ್ ಸಂಗ್ರಹ ಪೂರ್ತಿ ಉಚಿತವಾಯ್ತು. ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಕಾಲದಲ್ಲಿ ವರ್ಷಕ್ಕೆ ಹೆಚ್ಚೆಂದರೆ 25,000ದ ಆಸುಪಾಸು ಚಿತ್ರ ಹೋಗ್ತಿತ್ತು. ಉಚಿತ ಆದ ಮೊದಲ ವರ್ಷದಲ್ಲೇ 10 ಲಕ್ಷ ದಾಟಿತು.

ಯೋಚನೆ ಮಾಡಿದ ಉಪಗ್ರಹ

ಈಗ ನನಗೆ ಬಹಳ ಇಷ್ಟವಾದ ಪಾತ್ರಕ್ಕೆ ಬರ್ತೀನಿ. ಹೆಸರು ಅರ್ಥ್ ಆಬ್ಸರ್ವಿಂಗ್-1, ಚಿಕ್ಕದಾಗಿ ಇಓ-1. ನಾಸಾ ಇದನ್ನ 2000ದ ನವೆಂಬರ್ 21ಕ್ಕೆ ಹಾರಿಸಿತು. ಲ್ಯಾಂಡ್‌ಸ್ಯಾಟ್-7ರ ಹಿಂದೆ ಒಂದೇ ನಿಮಿಷದ ಅಂತರದಲ್ಲಿ, ಅಣ್ಣನ ಹಿಂದೆ ತಮ್ಮ ಓಡಿದ ಹಾಗೆ ಓಡ್ತಿತ್ತು. ಹೊಸ ಉಪಕರಣಗಳನ್ನ ಪರೀಕ್ಷೆ ಮಾಡೋಕೆ ಅಂತ ಕಟ್ಟಿದ್ದು. ಆಯಸ್ಸು ಒಂದು ವರ್ಷ ಅಂತ ಲೆಕ್ಕ. ಬದುಕಿದ್ದು 16 ವರ್ಷಕ್ಕೂ ಹೆಚ್ಚು.

ಇದರ ಹೈಪೀರಿಯನ್ ಅನ್ನೋ ಉಪಕರಣ ಬೆಳಕನ್ನ 220 ಬಣ್ಣಪಟ್ಟಿಗಳಾಗಿ ಬಿಡಿಸಿ ನೋಡ್ತಿತ್ತು. ಆದರೆ ಒಂದು ಸಲಕ್ಕೆ ಕಾಣೋದು ಏಳೂವರೆ ಕಿಲೋಮೀಟರ್ ಅಗಲದ ಪಟ್ಟಿ ಮಾತ್ರ. ಲ್ಯಾಂಡ್‌ಸ್ಯಾಟ್ 185 ಕಿಲೋಮೀಟರ್ ಅಗಲ ಗುಡಿಸಿಕೊಂಡು ಹೋದರೆ, ಇದು ಸೂಜಿಯಲ್ಲಿ ಚುಚ್ಚಿ ನೋಡಿದ ಹಾಗೆ. ಎಲ್ಲಿ ಚುಚ್ಚಬೇಕು ಅಂತ ಯಾರಾದ್ರೂ ಹೇಳಲೇಬೇಕು. ಮೊದಲಲ್ಲಿ ವಿಜ್ಞಾನಿಗಳು, ನಿಯಂತ್ರಣ ತಂಡದವರು ವಾರಕ್ಕೊಮ್ಮೆ ಕೂತು ಕೋರಿಕೆಗಳನ್ನ ಜೋಡಿಸೋರು. ಜನ ಬೇಕು, ಖರ್ಚು ಬೇಕು. ಆಯಸ್ಸು ಮುಗಿದ ಉಪಗ್ರಹಕ್ಕೆ ಅಷ್ಟು ದುಡ್ಡು ಯಾರು ಕೊಡ್ತಾರೆ?

ಇಲ್ಲೇ ನಾಸಾದ ಎರಡು ಕೇಂದ್ರಗಳ ಜನ ಧೈರ್ಯ ಮಾಡಿದ್ರು. ಗೊಡ್ಡಾರ್ಡ್ ಕೇಂದ್ರದಲ್ಲಿ ಯೋಜನೆ ನೋಡಿಕೊಳ್ಳುತ್ತಿದ್ದ ಡ್ಯಾನ್ ಮ್ಯಾಂಡಲ್, ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೃತಕ ಬುದ್ಧಿಮತ್ತೆ ತಂಡದ ಸ್ಟೀವ್ ಚಿಯೆನ್. ಉಪಗ್ರಹವೇ ತನ್ನ ಪಟ್ಟಿ ತಾನೇ ಬದಲಿಸಿಕೊಳ್ಳೋ ಹಾಗೆ ಒಂದು ಸಾಫ್ಟ್‌ವೇರ್ ಬರೆದು, ಹಾರಾಡ್ತಿದ್ದ ಉಪಗ್ರಹಕ್ಕೆ ಕೆಳಗಿನಿಂದಲೇ ಅಪ್‌ಲೋಡ್ ಮಾಡಿದ್ರು. ನೆನಪಿರಲಿ, ಅದು ಚಾಟ್‌ಜಿಪಿಟಿ ಕಾಲ ಅಲ್ಲ. ಉಪಗ್ರಹದ ಪ್ರೊಸೆಸರ್ ವೇಗ 12 ಮೆಗಾಹರ್ಟ್ಸ್. ನಿಮ್ಮ ಕೈಯಲ್ಲಿರೋ ಸಾಧಾರಣ ಫೋನ್ ಕೂಡ ಅದಕ್ಕಿಂತ ನೂರಾರು ಪಟ್ಟು ವೇಗ.

ಕೆಲಸ ನಡೀತಿದ್ದ ರೀತಿ ಹೀಗೆ. ಉಪಗ್ರಹ ಒಂದು ಚಿತ್ರ ತೆಗೆದ ಮೇಲೆ ಅದನ್ನ ಕೆಳಗೆ ಕಳಿಸೋಕೆ ಮುಂಚೆ ತಾನೇ ನೋಡುತ್ತೆ. ಬರೀ ಮೋಡವಾ? ಇಟ್ಟುಕೊಂಡು ಪ್ರಯೋಜನ ಇಲ್ಲ. ಎಲ್ಲಾದ್ರೂ ನೆಲ ಕೆಂಡದ ಥರ ಬಿಸಿ ಇದೆಯಾ? ಹಾಗಾದ್ರೆ ಜ್ವಾಲಾಮುಖಿ, ಇನ್ನೊಂದು ಸಲ ನೋಡಲೇಬೇಕು. ತಕ್ಷಣ ಮುಂದಿನ ಪಟ್ಟಿ ತೆಗೆದು, ಕಡಿಮೆ ಆದ್ಯತೆಯ ಒಂದು ಕೆಲಸ ಬಿಟ್ಟು, ಆ ಜಾಗಕ್ಕೆ ಇನ್ನೊಂದು ಚಿತ್ರ ಸೇರಿಸಿಕೊಳ್ಳುತ್ತೆ. ಬ್ಯಾಟರಿ, ಮೆಮೊರಿ, ತಿರುಗೋಕೆ ಬೇಕಾದ ಹೊತ್ತು, ಎಲ್ಲ ಲೆಕ್ಕ ಹಾಕಿಯೇ. 2004ರ ಮೇ ತಿಂಗಳಲ್ಲಿ ಅಂಟಾರ್ಕ್ಟಿಕಾದ ಮೌಂಟ್ ಎರಿಬಸ್ ಜ್ವಾಲಾಮುಖಿಯ ಲಾವಾ ಕೊಳದ ಬಿಸಿಯನ್ನ ಹೀಗೆ ತಾನೇ ಗುರುತಿಸಿ, ಯಾರೂ ಹೇಳದೆ ಮತ್ತೆ ಚಿತ್ರ ತೆಗೆಯಿತು. ಅದೇ ವರ್ಷದ ಕೊನೆಗೆ ಈ ಸಾಫ್ಟ್‌ವೇರ್ ಪ್ರಯೋಗದ ಹಂತ ದಾಟಿ ದಿನನಿತ್ಯದ ಕೆಲಸಕ್ಕೇ ಬಂತು.

ಆಮೇಲಿನದು ಇನ್ನೂ ಸೊಗಸು. ಉಪಗ್ರಹಕ್ಕೆ ಕೋರಿಕೆ ಕೊಡೋಕೆ ಮನುಷ್ಯನೇ ಬೇಕಾ? ಬೇರೆ ಯಂತ್ರ ಕೊಟ್ಟರೆ ಆಗಲ್ವಾ? ಟೆರ್ರಾ, ಆಕ್ವಾ ಅನ್ನೋ ಎರಡು ಉಪಗ್ರಹಗಳು ಪ್ರತಿದಿನ ಇಡೀ ಭೂಮಿಯನ್ನ ಒರಟಾಗಿ ನೋಡ್ತವೆ. ಅವುಗಳ ಚಿತ್ರದಲ್ಲಿ ಬಿಸಿ ಚುಕ್ಕೆ ಕಂಡರೆ, ಹವಾಯಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಎಚ್ಚರಿಕೆ ಕೊಡುತ್ತೆ. ಆ ಎಚ್ಚರಿಕೆಯೇ ಕೋರಿಕೆಯಾಗಿ ಇಓ-1ರ ಸರದಿಗೆ ಸೇರುತ್ತೆ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಯುರೋಪಿನ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿತಲ್ಲ, ಆಗ ಈ ವ್ಯವಸ್ಥೆ ಮತ್ತೆ ಮತ್ತೆ ಆ ಜಾಗದ ಕಡೆ ಕಣ್ಣು ತಿರುಗಿಸಿತು. ನಮೀಬಿಯಾ, ಥಾಯ್ಲೆಂಡ್ ದೇಶಗಳ ಪ್ರವಾಹ ನೋಡೋಕೂ ಇದನ್ನೇ ಬಳಸಿದ್ರು. ಕೊರೋನಾ ಕಾಲದ ಆ ಯೋಚನೆ ನೆನಪಾಯ್ತಾ? ಒಂದು ನೋಡಿ ಇನ್ನೊಂದಕ್ಕೆ ಹೇಳೋದು. ಆಗ ನಡುವೆ ಅಧಿಕಾರಿಗಳ ಸಾಲು ಇತ್ತು, ಈಗ ಇಲ್ಲ.

ಖರ್ಚು ಇಳಿದಿದ್ದರಿಂದ ಇಓ-1 ಬದುಕಿತು. ಬದುಕಿದ್ದರಿಂದಲೇ ಕ್ಯಾಲಿಫೋರ್ನಿಯಾದ ಅಲಿಸೋ ಕ್ಯಾನ್ಯನ್ ಅನಿಲ ಸಂಗ್ರಹಾಗಾರದಲ್ಲಿ 2015ರ ಕೊನೆಗೆ ಮೀಥೇನ್ ಸೋರಿದಾಗ, ಆ ಒಂದೇ ಜಾಗದ ಸೋರಿಕೆಯನ್ನ ಬಾಹ್ಯಾಕಾಶದಿಂದ ಗುರುತಿಸೋಕೆ ಸಾಧ್ಯವಾಯ್ತು. 2017ರ ಮಾರ್ಚ್ 30ಕ್ಕೆ ಅದನ್ನ ನಿಲ್ಲಿಸಿದ್ರು.

ಆದರೆ ಒಂದು ಮಾತು. ಯಂತ್ರ ಸರದಿ ನೋಡಿಕೊಳ್ತು ಅಂದ ಮಾತ್ರಕ್ಕೆ ಪಕ್ಷಪಾತ ಇಲ್ಲ ಅಂತ ಅಲ್ಲ. ಪ್ರತಿ ಕೋರಿಕೆಗೂ ಒಂದು ಆದ್ಯತೆಯ ಅಂಕಿ ಇರ್ತಿತ್ತು. ಎರಡು ಕೋರಿಕೆ ಡಿಕ್ಕಿ ಹೊಡೆದರೆ ದೊಡ್ಡ ಆದ್ಯತೆ ಗೆಲ್ಲುತ್ತೆ. ಆ ಅಂಕಿ ಕೊಟ್ಟಿದ್ದು ಮನುಷ್ಯರೇ. ಕಂಪ್ಯೂಟರ್ ತೂಬು ಎತ್ತೋದು ಕಲಿತಿತ್ತು, ಯಾವ ಗದ್ದೆ ಮುಖ್ಯ ಅನ್ನೋದನ್ನ ಆಗಲೂ ನಾವೇ ಹೇಳಿಕೊಡ್ತಿದ್ದೆವು.

ಆಪತ್ತಿನ ದಿನ ಯಾರು ಕೇಳಬಹುದು?

ಪ್ರವಾಹ, ಭೂಕಂಪದ ಹೊತ್ತಲ್ಲಿ ಇದು ಜೀವದ ಪ್ರಶ್ನೆ. 1999ರಲ್ಲಿ ವಿಯೆನ್ನಾದಲ್ಲಿ ನಡೆದ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮ್ಮೇಳನದ ನಂತರ ಯುರೋಪ್ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಗಳು ಒಂದು ಒಪ್ಪಂದಕ್ಕೆ ಮುಂದಾದವು. ಕೆನಡಾ ಸೇರಿಕೊಂಡಿತು. ಬಾಹ್ಯಾಕಾಶ ಮತ್ತು ಮಹಾ ವಿಪತ್ತುಗಳ ಅಂತಾರಾಷ್ಟ್ರೀಯ ಚಾರ್ಟರ್ ಅಂತ ಹೆಸರು. 2000ದ ನವೆಂಬರ್‌ನಿಂದ ಕೆಲಸ ಶುರು. ನಮ್ಮ ಇಸ್ರೋ 2001ರಲ್ಲೇ ಸದಸ್ಯನಾಯ್ತು.

ನಿಯಮ ಸರಳ. ದಿನದ 24 ಗಂಟೆಯೂ ಒಬ್ಬರು ಕರೆ ಎತ್ತಿಕೊಳ್ತಾರೆ. ಅಧಿಕೃತ ಸಂಸ್ಥೆಯೊಂದು ಇಂಥ ಕಡೆ ವಿಪತ್ತು ಆಗಿದೆ ಅಂದರೆ ಸಾಕು, ಸದಸ್ಯ ದೇಶಗಳ ಯಾವ ಉಪಗ್ರಹ ಮೊದಲು ಅಲ್ಲಿಗೆ ಮುಟ್ಟುತ್ತೆ ನೋಡಿ, ಅದರ ಪಟ್ಟಿ ಬದಲಿಸಿ, ಚಿತ್ರ ತೆಗೆಸಿ ಉಚಿತವಾಗಿ ಕೊಡ್ತಾರೆ. ಆದರೆ ಆ ಅಧಿಕೃತ ಅನ್ನೋ ಪದದಲ್ಲೇ ತೊಡಕಿತ್ತು. ಮೊದಲ ವರ್ಷಗಳಲ್ಲಿ ನೇರವಾಗಿ ಕೇಳೋ ಹಕ್ಕು ಇದ್ದದ್ದು ಹೆಚ್ಚಾಗಿ ಸದಸ್ಯ ದೇಶಗಳಿಗೆ. ಉಪಗ್ರಹ ಇಲ್ಲದ ಬಡ ದೇಶ ಯಾರದ್ದಾದರೂ ಮೂಲಕ ಹೋಗಬೇಕಿತ್ತು. 2012ರಲ್ಲಿ ಇದನ್ನ ಬದಲಿಸಿ, ಯಾವುದೇ ದೇಶದ ವಿಪತ್ತು ನಿರ್ವಹಣಾ ಸಂಸ್ಥೆಯೂ ನೋಂದಾಯಿಸಿಕೊಂಡು ನೇರವಾಗಿ ಕೇಳಬಹುದು ಅಂತ ಮಾಡಿದ್ರು. ಕ್ಯಾಮೆರಾ ಒಂದೂ ಹೊಸದಾಗಿ ಹಾರಲಿಲ್ಲ. ಆದರೂ ನೋಡೋ ಜಗತ್ತು ದೊಡ್ಡದಾಯ್ತು, ಕೇಳೋರ ಪಟ್ಟಿ ಉದ್ದ ಆಗಿದ್ದಕ್ಕೆ.

ನಮ್ಮ ಪೀಣ್ಯದಿಂದ

ಈ ಇತಿಹಾಸದಲ್ಲಿ ಬೆಂಗಳೂರಿನ ಪಾಲು ಚಿಕ್ಕದಲ್ಲ. 1988ರ ಮಾರ್ಚ್ 17ಕ್ಕೆ ಭಾರತದ ಮೊದಲ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಸೋವಿಯತ್ ರಾಕೆಟ್ ಏರಿ ಬೈಕನೂರಿನಿಂದ ಹಾರಿತು. ಅದಕ್ಕೆ ಆದೇಶ ಹೋಗ್ತಿದ್ದದ್ದು ಬೆಂಗಳೂರಿನ ಇಸ್ಟ್ರಾಕ್‌ನಿಂದ. ಪೀಣ್ಯದ ಕಡೆ ಓಡಾಡೋರು ಆ ಗೇಟಿನ ಮುಂದೆ ಎಷ್ಟೋ ಸಲ ಹೋಗಿರ್ತೀರಿ. ಚಿತ್ರಗಳು ಇಳಿಯುತ್ತಿದ್ದದ್ದು ಶಾದ್‌ನಗರದಲ್ಲಿ. 1ಎ ನೇರ ಕೆಳಗೆ ನೋಡೋದು, 22 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರೋದು. 1995ರ ಡಿಸೆಂಬರ್ 28ಕ್ಕೆ ಹಾರಿದ ಐಆರ್‌ಎಸ್-1ಸಿಯ ಕಪ್ಪುಬಿಳುಪು ಕ್ಯಾಮೆರಾ 26 ಡಿಗ್ರಿ ಪಕ್ಕಕ್ಕೆ ವಾಲಬಲ್ಲದು, 5 ಮೀಟರ್ ಚಿಲ್ಲರೆ ಗಾತ್ರದ ವಿವರ ತೋರಿಸಬಲ್ಲದು. ಆ ಹೊತ್ತಿಗೆ ನಾಗರಿಕ ಉಪಗ್ರಹಗಳಲ್ಲಿ ಅಷ್ಟು ಸೂಕ್ಷ್ಮ ಕಣ್ಣು ಬೇರೆ ಯಾವುದಕ್ಕೂ ಇರಲಿಲ್ಲ. ವಾಲೋ ಕ್ಯಾಮೆರಾ ಬಂದ ಮೇಲೆ ಎತ್ತ ವಾಲಬೇಕು ಅನ್ನೋ ಪ್ರಶ್ನೆ ನಮಗೂ ಬಂತು.

ಈಗ ಜಗತ್ತಿನಲ್ಲಿ ಎರಡು ದಾರಿ ಜೊತೆಜೊತೆಗೇ ನಡೀತಿವೆ. ಮೊದಲನೇದು, ಯಾರೂ ಕೇಳೋದೇ ಬೇಡ, ಎಲ್ಲವನ್ನೂ ತೆಗೀತಾ ಹೋಗೋಣ ಅನ್ನೋದು. ಯುರೋಪಿನ ಸೆಂಟಿನೆಲ್-2 ಜೋಡಿ 5 ದಿನಕ್ಕೊಮ್ಮೆ ನೆಲವನ್ನೆಲ್ಲ ಗುಡಿಸಿಕೊಂಡು ಹೋಗುತ್ತೆ. 2017ರ ಫೆಬ್ರವರಿಯಲ್ಲಿ ನಮ್ಮ ಪಿಎಸ್‌ಎಲ್‌ವಿ ಒಂದೇ ಸಲ 104 ಉಪಗ್ರಹ ಹಾರಿಸಿದ್ದು ನೆನಪಿದೆಯಲ್ಲ? ಅದರಲ್ಲಿ 88 ಪ್ಲ್ಯಾನೆಟ್ ಅನ್ನೋ ಒಂದೇ ಕಂಪನಿಯವು, ಭೂಮಿಯನ್ನ ದಿನಾ ಸ್ಕ್ಯಾನ್ ಮಾಡೋಕೆ. 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹಾರಿದ, ನಾಸಾ ಮತ್ತು ಇಸ್ರೋ ಕೂಡಿ ಕಟ್ಟಿದ ನಿಸಾರ್ ಕೂಡ ಇದೇ ದಾರಿಯದ್ದು. ಜೋಡಣೆಯಾಗಿದ್ದು ನಮ್ಮ ಬೆಂಗಳೂರಲ್ಲಿ. ಅದು ರಾಡಾರ್, ಮೋಡ, ಕತ್ತಲೆ ಅಡ್ಡಿಯಾಗಲ್ಲ. 12 ದಿನದಲ್ಲಿ ಎರಡು ಸಲ ಹೆಚ್ಚುಕಮ್ಮಿ ಎಲ್ಲ ನೆಲವನ್ನೂ ನೋಡೋ ಲೆಕ್ಕ. ಮುಂಗಾರಿನಲ್ಲಿ ತಿಂಗಳುಗಟ್ಟಲೆ ಮೋಡದ ಕೆಳಗೇ ಇರೋ ಮಲೆನಾಡು, ಕೊಡಗಿಗೆ ಇದು ದೊಡ್ಡ ವಿಷಯ. ಯಾಕಂದ್ರೆ ಗುಡ್ಡ ಕುಸಿಯೋದು ಬಿಸಿಲಿನ ದಿನ ಅಲ್ಲ.

ಎರಡನೇದು ಕೋರಿಕೆಯ ದಾರಿ. ಒಂದು ಕಾರು, ಒಂದು ಮನೆ ಕಾಣೋ ಅಷ್ಟು ಸೂಕ್ಷ್ಮ ಚಿತ್ರ ಬೇಕಂದ್ರೆ ಅಗಲ ಕಮ್ಮಿಯಾಗುತ್ತೆ, ಆಗ ಸರದಿ ಬಂದೇ ಬರುತ್ತೆ. ಇಲ್ಲಿ ಈಗ ಮನುಷ್ಯ ಫೋನ್ ಮಾಡೋದೂ ಇಲ್ಲ. ಸಾಫ್ಟ್‌ವೇರ್ ಒಂದು ಜಾಗದ ಅಕ್ಷಾಂಶ, ರೇಖಾಂಶ, ದಿನಾಂಕ, ಎಷ್ಟು ಮೋಡ ಆದ್ರೂ ಪರವಾಗಿಲ್ಲ ಅನ್ನೋದನ್ನ ಕಳಿಸುತ್ತೆ; ಆ ಕಡೆಯ ಸಾಫ್ಟ್‌ವೇರ್ ಸರದಿಗೆ ಸೇರಿಸಿಕೊಳ್ಳುತ್ತೆ. ಊಟದ ಆರ್ಡರ್ ಮಾಡಿದ ಹಾಗೇ, ಬಿಲ್ ಮಾತ್ರ ಬೇರೆ. ಬೆಂಗಳೂರಿನ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ಹಾರಿಸಿದ ಫೈರ್‌ಫ್ಲೈ ಉಪಗ್ರಹಗಳು ಹೈಪೀರಿಯನ್ ಥರವೇ ಬೆಳಕನ್ನ ನೂರಕ್ಕೂ ಹೆಚ್ಚು ಪಟ್ಟಿಯಾಗಿ ಬಿಡಿಸೋ ಜಾತಿಯವು.

ಒಂದೊಳ್ಳೇ ಸುದ್ದಿ: ಭಾರತದ 2023ರ ಬಾಹ್ಯಾಕಾಶ ನೀತಿ ಪ್ರಕಾರ 5 ಮೀಟರ್ ಮತ್ತು ಅದಕ್ಕಿಂತ ಒರಟಾದ ನಮ್ಮ ಉಪಗ್ರಹ ಚಿತ್ರಗಳು ಎಲ್ಲರಿಗೂ ಉಚಿತ ಮತ್ತು ಮುಕ್ತ. ಅದಕ್ಕಿಂತ ಸೂಕ್ಷ್ಮವಾದವು ಸರ್ಕಾರಿ ಸಂಸ್ಥೆಗಳಿಗೆ ಉಚಿತ, ಉಳಿದವರಿಗೆ ಬೆಲೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಭೂನಿಧಿ ಪೋರ್ಟಲ್‌ಗೆ ಹೋಗಿ ಹುಡುಕಬಹುದು.

ಹಾಗಾದ್ರೆ ಇಷ್ಟು ದೂರ ಬಂದು ನಾನು ಏನು ಹೇಳ್ತಿದ್ದೀನಿ? ಅರವತ್ತು ವರ್ಷದಲ್ಲಿ ಪಟ್ಟಿ ಬರೆಯೋ ಕೈ ಬದಲಾಗಿದೆ. ಸಮಿತಿ ಹೋಯ್ತು, ಗುಮಾಸ್ತ ಹೋದ, ವಾರದ ಸಭೆ ಹೋಯ್ತು. ಆದರೆ ಸರದಿ ಹೋಗಿಲ್ಲ. ಬೆಳೆ ವಿಮೆಗೆ ಚಿತ್ರ ನೋಡಿ ನಷ್ಟ ಅಳೀತಾರೆ, ಕೆರೆ ಒತ್ತುವರಿಗೆ ಹಳೇ ಚಿತ್ರ ತಂದು ತೋರಿಸ್ತಾರೆ. ಇಂಥ ದಿನಗಳಲ್ಲಿ ಆದ್ಯತೆಯ ಅಂಕಿಯನ್ನ ಯಾರು, ಯಾವ ಲೆಕ್ಕದಲ್ಲಿ ಕೊಟ್ಟರು ಅಂತ ಕೇಳೋದು ಇಂಜಿನಿಯರುಗಳಿಗೆ ಬಿಟ್ಟ ವಿಷಯ ಅಲ್ಲ. ನೀರಗಂಟಿ ತಪ್ಪು ಮಾಡಿದ್ರೆ ಊರವರು ಮಾರನೇ ದಿನ ಅರಳಿಕಟ್ಟೆಯಲ್ಲೇ ಕೇಳಬಹುದಿತ್ತು. ಸಾಫ್ಟ್‌ವೇರ್ ನೀರಗಂಟಿಯನ್ನ ಕೇಳಬೇಕಂದ್ರೆ, ಮೊದಲು ಅಂಥದ್ದೊಂದು ಇದೆ ಅಂತ ಗೊತ್ತಿರಬೇಕು.

ನಿಮ್ಮಲ್ಲಿ ಯಾರಾದ್ರೂ ಕೋಡಿಂಗ್ ಕಲೀತಿದ್ದರೆ, ಈ ನಿಯಮಗಳನ್ನ ನಾಳೆ ಬರೆಯೋರು ನೀವೇ ಇರಬಹುದು. ಆಗ ಯಾರೂ ಕೇಳದ ಊರಿಗೂ ಒಂದು ಸಾಲು ಬರೆದಿಡಿ.

ಇವತ್ತಿಗೆ ಇಷ್ಟು. ನಿಮ್ಮೂರಿನ ಹಳೇ ಉಪಗ್ರಹ ಚಿತ್ರ ಎಷ್ಟನೇ ಇಸವಿಯಿಂದ ಸಿಗುತ್ತೆ ಅಂತ ಹುಡುಕಿ ನಮಗೆ ಬರೆದು ಕಳಿಸಿ.